ಕೊಳ್ಳೇಗಾಲದ ಸೂರ್ಯ, ಕ್ಯಾಲೆಂಡರಿನ ರಾಹುಕಾಲ

ಗಳಿಗೆಯನ್ನು ನಿಮಿಷಕ್ಕೆ ಇಳಿಸುವುದು ಸುಲಭದ ಲೆಕ್ಕ. ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ತೊಡಕಿರುವುದು ಎಣಿಕೆ ಎಲ್ಲಿಂದ ಶುರು ಎಂಬಲ್ಲಿ. ಗಡಿಯಾರದ ದಿನ ನಡುರಾತ್ರಿಗೆ ಹುಟ್ಟುತ್ತದೆ, ಪಂಚಾಂಗದ ದಿನ ಆಯಾ ಊರಿನ ಸೂರ್ಯೋದಯಕ್ಕೆ. 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕೊಳ್ಳೇಗಾಲ ಇರುವುದು 77 ಡಿಗ್ರಿಯ ಆಸುಪಾಸಿನಲ್ಲಿ. ಡಿಗ್ರಿಗೆ 4 ನಿಮಿಷದಂತೆ ಹಿಡಿದರೆ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ ಹೆಚ್ಚುಕಡಿಮೆ ಒಂದು ಗಳಿಗೆ ಹಿಂದೆ. ಇದರ ಪರಿಣಾಮವನ್ನು ರಾಹುಕಾಲದಲ್ಲಿ ನೋಡಬೇಕು. ಹಗಲನ್ನು ಎಂಟು ಪಾಲು ಮಾಡಿ, ಸೋಮವಾರ ಎರಡನೆಯ ಪಾಲನ್ನು ಬಿಡಬೇಕೆಂಬುದು ರೂಢಿಯ ನಿಯಮ. ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆಂದು ಇಟ್ಟುಕೊಂಡಾಗ ಮಾತ್ರ ಅದು ಗೋಡೆಯ ಕ್ಯಾಲೆಂಡರಿನ 7:30–9 ಆಗುತ್ತದೆ. ಜನವರಿ ನಡುವಿನಲ್ಲಿ ಕೊಳ್ಳೇಗಾಲಕ್ಕೆ ಬೆಳಗಾಗುವುದು ಸುಮಾರು 6:45ಕ್ಕೆ. ಹಗಲು ಹನ್ನೊಂದೂವರೆ ಗಂಟೆ, ಒಂದು ಪಾಲು 86 ನಿಮಿಷ. ಅಲ್ಲಿಗೆ ರಾಹುಕಾಲ 8:10ರ ಹೊತ್ತಿಗೆ ಶುರುವಾಗಿ 9:35 ದಾಟುತ್ತದೆ. 9 ಕಳೆಯಲಿ ಎಂದು ಕಾದು 9:05ಕ್ಕೆ ಹೊರಟವರು ಸರಿಯಾಗಿ ಅದರೊಳಕ್ಕೇ ಕಾಲಿಟ್ಟಿರುತ್ತಾರೆ.

ಭಾವ ಮುಖ್ಯ, ಹಿರಿಯರು ಅನುಕೂಲಕ್ಕೆಂದು ಸರಾಸರಿ ಹಿಡಿದರು ಎನ್ನಬಹುದು. ಒಪ್ಪೋಣ. ಆದರೆ ಭಾವವೇ ಸಾಕಾದರೆ ಐದು ನಿಮಿಷ ಆಚೀಚೆ ಆಯಿತೆಂದು ಎದೆ ಹೊಡೆದುಕೊಳ್ಳುವುದಕ್ಕೆ ಆಧಾರವಿಲ್ಲ; ನಿಮಿಷವೇ ಮುಖ್ಯವಾದರೆ ಅಚ್ಚಾದ ಅಂಕಿಯನ್ನು ನಂಬುವಂತಿಲ್ಲ. ಎರಡನ್ನೂ ಒಟ್ಟಿಗೆ ಹಿಡಿಯಲಾಗದು. ಹಾಗಾದರೆ ತಿಥಿ ನೋಡಿ ನಡೆಯುವ ಜಾತ್ರೆಗಳೂ ಬರಿದೇ ಎಂಬ ಇನ್ನೊಂದು ಆಕ್ಷೇಪ ಏಳುತ್ತದೆ, ಮತ್ತು ಅದು ತೂಕದ ಮಾತು. ಆದರೆ ತಿಥಿಯ ಲೆಕ್ಕ ಬೇರೆ. ತಿಥಿ ಎಂದರೆ ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುವ ಅವಧಿ. ಚಂದ್ರನ ವೇಗ ಏರಿಳಿಯುವುದರಿಂದ ಅದು ಒಮ್ಮೆ 20 ಗಂಟೆ, ಒಮ್ಮೆ 26ರ ಹತ್ತಿರ. ಯಾವ ಸರಾಸರಿಗೂ ಅದು ಸಿಗುವುದಿಲ್ಲ, ಆಕಾಶವನ್ನೇ ಕೇಳಬೇಕು. ಪುಷ್ಯದ ಹುಣ್ಣಿಮೆಯ ರಾತ್ರಿ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆಯಲ್ಲಿ ಚಂದ್ರಮಂಡಲವೆಂಬ ಆಕೃತಿಗೆ ಬೆಂಕಿ ಹೊತ್ತಿಸಿ, ಉರಿ ವಾಲಿದ ದಿಕ್ಕಿಗೆ ಮಳೆ–ಬೆಳೆ ಎಂದು ಒಕ್ಕಲು ಮಕ್ಕಳು ನೋಡುತ್ತಾರೆ. ಮಾದಪ್ಪನ ಬೆಟ್ಟಕ್ಕೆ ಅಮಾವಾಸ್ಯೆಗೆ ಜನ ನಡೆದು ಹತ್ತುತ್ತಾರೆ. ಇಲ್ಲಿ ಕಾಲ ಎಲ್ಲರ ಕಣ್ಣಿಗೂ ಕಾಣುವಂಥದ್ದು, ಜನರನ್ನು ಒಂದೆಡೆ ಕೂಡಿಸುವಂಥದ್ದು. ಧರ್ಮಕ್ಕೆ ಬೇಕಾದ ಕಾಲ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೇಮ ಇಟ್ಟುಕೊಂಡವರು ತಮ್ಮೂರಿನ ಸೂರ್ಯೋದಯದಿಂದ ಲೆಕ್ಕ ಹಾಕಿಕೊಳ್ಳಲಿ. ಆಸ್ಪತ್ರೆಗೆ, ಪರೀಕ್ಷೆಗೆ ಹೊರಟವರನ್ನು ಮಾತ್ರ ಕ್ಯಾಲೆಂಡರ್ ತೋರಿಸಿ ಹೊಸ್ತಿಲಲ್ಲಿ ನಿಲ್ಲಿಸಬೇಡಿ.