ಎದ್ದುಹೋದವರ ಬೀಗ

ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸನ್ನು ಸರ್ವರಿನ ಫೋಲ್ಡರಿನಲ್ಲಿಟ್ಟು ಹಲವರು ಬಳಸುವಾಗ, ಮೊದಲನೆಯವರು ಅದನ್ನು ತೆರೆದ ಕೂಡಲೇ ಪಕ್ಕದಲ್ಲಿ ಅದೇ ಹೆಸರಿನ ಪುಟ್ಟ ಲಾಕ್ ಫೈಲೊಂದು ಹುಟ್ಟುತ್ತದೆ. ಒಳಗೆ ಬಂದವರ ಹಾಜರಿ ಅದರಲ್ಲಿ ಬೀಳುತ್ತದೆ: ಒಬ್ಬೊಬ್ಬರಿಗೆ 64 ಬೈಟ್, ಅರ್ಧ ಕಂಪ್ಯೂಟರಿನ ಹೆಸರಿಗೆ, ಅರ್ಧ ಬಳಕೆದಾರರ ಹೆಸರಿಗೆ. ಕೊನೆಯವರು ಮುಚ್ಚಿದಾಗ ಈ ಫೈಲೂ ಅಳಿಯಬೇಕು. ಕಂಪ್ಯೂಟರ್ ನಡುವೆ ಕೈಕೊಟ್ಟರೆ, ಅಥವಾ ಕೊನೆಯವರಿಗೆ ಆ ಫೋಲ್ಡರಿನಲ್ಲಿ ಅಳಿಸುವ ಅನುಮತಿ ಇಲ್ಲದಿದ್ದರೆ, ಅದು ಹಾಗೇ ಉಳಿದುಬಿಡುತ್ತದೆ. ಸರಿಯಾಗಿ ಮುಚ್ಚಿ ಎದ್ದವರ ಹೆಸರು ಕೂಡ ಆ ಜಾಗಕ್ಕೆ ಇನ್ನೊಬ್ಬರು ಬರುವ ತನಕ ಅಲ್ಲೇ ಇರುತ್ತದೆ.

ಹಾಗಾಗಿ ಹೆಸರಿದೆ ಎಂದ ಮಾತ್ರಕ್ಕೆ ಆಳು ಒಳಗಿದ್ದಾನೆ ಎನ್ನುವಂತಿಲ್ಲ. ಬಳಕೆದಾರರ ಜಾಗದಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ‘ಅಡ್ಮಿನ್’ ಎಂದೇ ಇರುವುದರಿಂದ ಯಾವ ಆಳು ಎಂಬುದೂ ತಿಳಿಯದು, ಯಾವ ಯಂತ್ರ ಎಂಬುದಷ್ಟೇ ಗೊತ್ತಾಗುತ್ತದೆ. ದಾಖಲೆಯನ್ನು ತಿದ್ದುತ್ತ ಲಾಕ್ ಬಿಡದೆ ಎದ್ದುಹೋದವನ ಹಿಡಿತ ಎಲ್ಲಿಯವರೆಗೆ ನ್ಯಾಯ? ಅದನ್ನು ಬಿಡಿಸುವ ಅಧಿಕಾರ ಯಾರಿಗೆ? ಇವು ಕಂಪ್ಯೂಟರಿಗಿಂತ ಬಹಳ ಹಳೆಯ ಪ್ರಶ್ನೆಗಳು.

ಕೈಯಲ್ಲಿ ಹಿಡಿದ ಮಾತ್ರಕ್ಕೆ ಹಣ್ಣು ತನ್ನದಾಗದು, ಕೆಳಗಿಟ್ಟ ಮೇಲೂ ತನ್ನದೆನ್ನಲು ಬರುವಂತಿದ್ದರೆ ಮಾತ್ರ ತನ್ನದು ಎಂದು ತತ್ವಜ್ಞಾನಿ ಕಾಂಟ್ 1797ರಲ್ಲಿ ವಾದಿಸಿದ. ಆದರೆ ದಾಖಲೆಗಳು ಕಚೇರಿಯವು. ಲಾಕ್ ಹಿಡಿದವನಿಗೆ ಅವುಗಳ ಮೇಲೆ ಇರುವುದು ಆ ಹೊತ್ತಿನ ಬಳಕೆಯ ಹಕ್ಕು ಮಾತ್ರ. ಇಲ್ಲಿ ಕಾಂಟ್‌ಗಿಂತ ವಿಜ್ಞಾನೇಶ್ವರ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ಆತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರ’ ವ್ಯಾಖ್ಯಾನ ಭೋಗವನ್ನೂ ಹಕ್ಕಿನ ಮೂಲವನ್ನೂ ಬೇರೆ ಮಾಡಿ ನೋಡುತ್ತದೆ. ಪರರು ತನ್ನ ಭೂಮಿಯನ್ನು 20 ವರ್ಷ ಅನುಭವಿಸುವುದನ್ನು ಕಣ್ಣಾರೆ ಕಂಡೂ ತಕರಾರು ಎತ್ತದವನಿಗೆ ನಷ್ಟ ತಪ್ಪದು ಎನ್ನುತ್ತದೆ ಸ್ಮೃತಿ. ಇತರ ಸ್ವತ್ತಿಗೆ 10 ವರ್ಷ. ವಿಜ್ಞಾನೇಶ್ವರನ ಪ್ರಕಾರ ಆ ನಷ್ಟ ಫಲದ್ದು, ಭೂಮಿಯದ್ದಲ್ಲ. ಲಾಕ್ ಬಿಡಿಸಿದಾಗ ಆಗುವುದೂ ಇಂಥದ್ದೇ. ಉಳಿಸಿದ ದಾಖಲೆಗೆ ಸಾಮಾನ್ಯವಾಗಿ ಧಕ್ಕೆಯಿಲ್ಲ, ಅರ್ಧ ಟೈಪು ಮಾಡಿ ಬಿಟ್ಟದ್ದು ಹೋಗುತ್ತದೆ. ತಕರಾರು ಎತ್ತಲು ಅವಕಾಶವಿರಬೇಕು ಎಂಬ ಷರತ್ತನ್ನಂತೂ ಕಚೇರಿಯವರು ಮರೆಯುವುದೇ ಹೆಚ್ಚು.

ಆದ್ದರಿಂದ ಮೊದಲ ಕೆಲಸ ಆ ಕಂಪ್ಯೂಟರಿನ ಮೇಜಿಗೆ ಫೋನ್ ಮಾಡುವುದು. ಆಳು ಅಲ್ಲಿದ್ದರೆ ಉಳಿಸಿ ಮುಚ್ಚಲು ಹೇಳಿದರೆ ಸಾಕು. ಇಲ್ಲದಿದ್ದರೆ ಹಾಜರಿಯನ್ನು ನಂಬದೆ ಸರ್ವರಿನಲ್ಲಿ, ಕಂಪ್ಯೂಟರ್ ಮ್ಯಾನೇಜ್‌ಮೆಂಟಿನ ‘ಓಪನ್ ಫೈಲ್ಸ್’ ಪಟ್ಟಿಯಲ್ಲಿ, ಫೈಲ್ ನಿಜಕ್ಕೂ ತೆರೆದಿದೆಯೇ ಎಂದು ನೋಡಬೇಕು. ಲಾಕ್ ಫೈಲನ್ನು ಅಳಿಸಲು ಹೋಗುವುದೂ ಒಂದು ಪರೀಕ್ಷೆ: ಯಾರಾದರೂ ಒಳಗಿದ್ದರೆ ವಿಂಡೋಸ್ ಬಿಡುವುದಿಲ್ಲ, ಯಾರೂ ಇಲ್ಲದಿದ್ದರೆ ಅಳಿಯುತ್ತದೆ, ಹಾನಿಯೇನಿಲ್ಲ. ಸರ್ವರಿನಿಂದ ಬಲವಂತವಾಗಿ ಮುಚ್ಚಿಸುವುದು ಕೊನೆಯ ದಾರಿ. ಬರೆಯುತ್ತಿರುವ ನಡುವೆ ಕಡಿದರೆ ಡೇಟಾಬೇಸೇ ಕೆಡಬಹುದು, ಆಗ ಬೀಳುವ ಪೆಟ್ಟು ಎಲ್ಲರಿಗೂ. ಮುಚ್ಚಿಸಿದ ಬಳಿಕ ಒಂದು ಪ್ರತಿ ತೆಗೆದಿಟ್ಟು ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಓಡಿಸುವುದು ಕ್ಷೇಮ.

ಕೆಲವು ಬೀಗಗಳು ಸೆಟ್ಟಿಂಗಿನಿಂದಲೇ ಬರುತ್ತವೆ. ‘ಎಡಿಟೆಡ್ ರೆಕಾರ್ಡ್’ ಆಯ್ದರೆ ತಿದ್ದಲು ತೊಡಗಿದ ಕ್ಷಣದಿಂದ ಆ ದಾಖಲೆ ಉಳಿದವರಿಗೆ ಸಿಗದು. ಪುಟದ ಲೆಕ್ಕದಲ್ಲಿ ಲಾಕ್ ಬಿದ್ದರೆ 4 ಕಿಲೋಬೈಟ್ ಪುಟದೊಳಗಿನ ಅಕ್ಕಪಕ್ಕದ ದಾಖಲೆಗಳೂ ಸಿಕ್ಕಿಬೀಳುತ್ತವೆ. ಒಂದೊಂದೇ ದಾಖಲೆಗೆ ಲಾಕ್ ಹಾಕುವ ಸೌಕರ್ಯ ಬಂದದ್ದು ಆಕ್ಸೆಸ್ 2000ದಲ್ಲಿ. ‘ನೋ ಲಾಕ್ಸ್’ ಆಯ್ದರೆ ಇಬ್ಬರೂ ತಿದ್ದಬಹುದು. ನಂತರ ಉಳಿಸುವವರ ಮುಂದೆ ಸಂಘರ್ಷದ ಸೂಚನೆ ಬರುತ್ತದೆ: ಇನ್ನೊಬ್ಬರದ್ದರ ಮೇಲೆ ಬರೆಯಬಹುದು, ತಮ್ಮದನ್ನು ಕ್ಲಿಪ್‌ಬೋರ್ಡಿಗೆ ತೆಗೆದಿಡಬಹುದು, ಇಲ್ಲವೇ ಕೈಬಿಡಬಹುದು. ‘ಎಡಿಟೆಡ್ ರೆಕಾರ್ಡ್’ ಜಗಳವನ್ನು ತಡೆಯುತ್ತದೆ, ‘ನೋ ಲಾಕ್ಸ್’ ಅದನ್ನು ಬಳಸುವವರ ವಿವೇಕಕ್ಕೆ ಬಿಡುತ್ತದೆ. ಒಂದೇ ದಾಖಲೆಯನ್ನು ಇಬ್ಬರು ಮುಟ್ಟುವುದು ಅಪರೂಪವಾದ ಕಡೆ ‘ನೋ ಲಾಕ್ಸ್’ ಆಯ್ಕೆಯೇ ಮೇಲು. ಟೇಬಲ್‌ಗಳನ್ನಷ್ಟೇ ಸರ್ವರಿನಲ್ಲಿಟ್ಟು ಫಾರ್ಮುಗಳ ಪ್ರತಿಯನ್ನು ಅವರವರ ಕಂಪ್ಯೂಟರಿಗೆ ಹಾಕಿ, ಫೋಲ್ಡರಿನಲ್ಲಿ ಫೈಲ್ ಸೃಷ್ಟಿಸುವ, ತಿದ್ದುವ, ಅಳಿಸುವ ಅನುಮತಿಯನ್ನು ಬಳಸುವವರೆಲ್ಲರಿಗೂ ಕೊಟ್ಟರೆ ಬಹುತೇಕ ತಕರಾರುಗಳು ಹುಟ್ಟುವುದೇ ಇಲ್ಲ.