ಹಳೆ ಹೋಟೆಲಿನ ರುಚಿ ಮತ್ತು ನಮ್ಮ ತಾತನ ಲೋಟ

ನಮ್ಮ ಒಂದೊಂದು ತಾಲ್ಲೂಕು ಊರಿಗೂ ಒಂದೊಂದು ಹಳೆ ಹೋಟೆಲಿದೆ. ಬಸ್ ಸ್ಟ್ಯಾಂಡಿನ ಎದುರಿಗೋ, ತೇರಿನ ಬೀದಿಯ ಮೂಲೆಗೋ, ಸಂತೆ ಮೈದಾನದ ಪಕ್ಕಕ್ಕೋ. ಅಜ್ಜ ಹಾಕಿದ ಒಲೆ, ಅಪ್ಪ ಕೂತ ಗಲ್ಲಾ, ಈಗ ಅಲ್ಲಿ ಮೊಮ್ಮಗ. "ಎಪ್ಪತ್ತು ವರ್ಷದಿಂದ ಅದೇ ರುಚಿ" ಅಂತ ಊರು ಹೆಮ್ಮೆಪಡುತ್ತದೆ. ಬೆಂಗಳೂರು ಸೇರಿದವರು ಹಬ್ಬಕ್ಕೆ ಬಂದರೆ ಮನೆಗಿಂತ ಮೊದಲು ಅಲ್ಲಿಗೇ ಹೋಗುತ್ತಾರೆ. ನಾವೂ ಹೋಗುತ್ತೇವೆ. ಆ ದೋಸೆ, ಆ ಕೆಂಪು ಚಟ್ನಿ ನಮಗೂ ಇಷ್ಟವೇ. ಅದನ್ನು ಮುಚ್ಚಿಟ್ಟುಕೊಂಡು ಬಂಡಾಯ ಮಾಡಬೇಕಾದ್ದಿಲ್ಲ. ಆದರೆ ನಾಲಗೆ ಒಪ್ಪಿದ್ದನ್ನೆಲ್ಲ ತಲೆ ಒಪ್ಪಲೇಬೇಕೆಂಬ ಕಾನೂನೂ ಇಲ್ಲ. ಎಪ್ಪತ್ತು ವರ್ಷ ಅನ್ನುವಾಗ ಅದು ಯಾರ ಎಪ್ಪತ್ತು ವರ್ಷ? ಊರು ಅನ್ನುವಾಗ ಯಾವ ಊರು? ಕೇರಿ ಅದರೊಳಗೆ ಇತ್ತೆ?

ಅದೇ ವರ್ಷಗಳಲ್ಲಿ ನಮ್ಮ ತಾತಂದಿರೂ ಸಂತೆಗೆ ಬರುತ್ತಿದ್ದರು. ಅವರಿಗೂ ಹಸಿವಾಗುತ್ತಿತ್ತು. ಇಂಥ ಹೋಟೆಲುಗಳ ಮುಂದೆ ಅವರ ಜಾಗ ಬೀದಿಯಲ್ಲಿ. ಕಾಸನ್ನು ಮೆಟ್ಟಿಲ ಮೇಲಿಟ್ಟು ದೂರ ಸರಿಯಬೇಕು. ತಿಂಡಿ ಎಲೆಯಲ್ಲಿ ಕಟ್ಟಿ ಬೀಳುತ್ತದೆ. ಕಾಫಿ ಬೇಕಾದರೆ ಸೂರಿಗೆ ಸಿಕ್ಕಿಸಿಟ್ಟ ಚಿಪ್ಪನ್ನೋ ಬೇರೆ ಲೋಟವನ್ನೋ ತೆಗೆದು ಹಿಡಿಯಬೇಕು, ಮೇಲಿನಿಂದ ಹೊಯ್ಯುತ್ತಾರೆ. ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಬೇಕು. ಕಾಫಿಯ ರುಚಿ ಒಳಗೂ ಹೊರಗೂ ಒಂದೇ ಇದ್ದಿರಬಹುದು. ಒಳಗೆ ಕುಡಿದವನಿಗೆ ಅದು ನೆನಪಾಗಿ ಉಳಿಯಿತು, ಹೊರಗೆ ಕುಡಿದವನಿಗೆ ಗಾಯವಾಗಿ ಉಳಿಯಿತು. ಒಂದೇ ಒಲೆ, ಎರಡು ಚರಿತ್ರೆ.

ಬೋರ್ಡುಗಳನ್ನೇ ನೋಡಿ. ಇಂದು ಎಮ್‌ಟಿಆರ್ ಎಂದು ಜಗತ್ತಿಗೆಲ್ಲ ಗೊತ್ತಿರುವ ಹೋಟೆಲು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ. ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು 1960ರಲ್ಲಿ. ಆ ಕಾಲಕ್ಕೆ ಇಂಥ ಬೋರ್ಡು ಊರೂರಲ್ಲೂ ಇತ್ತು. ಅಡಿಗೆ ರುಚಿಯಾಗಿದೆ ಅಂತ ಬೋರ್ಡು ಹೇಳುತ್ತಿರಲಿಲ್ಲ. ಅಡಿಗೆ ಮಾಡಿದ ಕೈ ಯಾವುದು ಅಂತ ಹೇಳುತ್ತಿತ್ತು. "ಹೆದರಬೇಡ, ಇಲ್ಲಿ ತಿಂದರೆ ನಿನ್ನ ಜಾತಿ ಕೆಡುವುದಿಲ್ಲ" ಎಂಬ ಗ್ಯಾರಂಟಿ ಚೀಟಿ ಅದು. ಮದ್ರಾಸಿನಲ್ಲಿ ಪೆರಿಯಾರರು 1957ರಲ್ಲಿ ಮುರಳಿ ಕೆಫೆಯ ಮುಂದೆ ಚಳುವಳಿ ಹೂಡಿದ್ದು ಬೋರ್ಡಿನ ಮೇಲಿದ್ದ ಆ ಒಂದು ಪದದ ವಿರುದ್ಧ. ಒಂದು ಪದಕ್ಕೆ ಇಷ್ಟು ರಂಪವೆ ಎಂದವರು ಆಗಲೂ ಇದ್ದರು. ಆ ಪದದ ಆಚೆ ಕಡೆ ಬೀದಿಯಲ್ಲಿ ನಿಂತವನಿಗೆ ಮಾತ್ರ ಅದರ ಅಳತೆ ಗೊತ್ತು.

ನಮ್ಮ ಸಂವಿಧಾನದ 15ನೇ ವಿಧಿಯನ್ನು ಮೇಷ್ಟ್ರುಗಳು ಮಕ್ಕಳಿಗೆ ಓದಿ ಹೇಳಬೇಕು. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಯಲ್ಲೇ ಅಂಗಡಿ, ಹೋಟೆಲುಗಳ ಮಾತೂ ಅಲ್ಲಿದೆ. ಇಷ್ಟು ದೊಡ್ಡ ದೇಶದ ಮೂಲ ಕಾನೂನಿನಲ್ಲಿ ತಿಂಡಿ ಮಾರುವ ಜಾಗಕ್ಕೇನು ಕೆಲಸ? ಕೆಲಸವಿದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನಲ್ಲಿ ಚೌದಾರ್ ಕೆರೆಯ ನೀರು ಕುಡಿದದ್ದು ಬಾಯಾರಿಕೆಗಲ್ಲ. ಹೋಟೆಲಿನ ಬೆಂಚೂ ಆ ಕೆರೆಯ ಹಾಗೆಯೇ. ಅಲ್ಲಿ ಕೂತವನು ಊರಿನವನು, ಕೂರದವನು ಹೊರಗಿನವನು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಒಳಕ್ಕೆ ಹೋಗಿ ಹೋಟೆಲಿನ ಪಾತ್ರೆಗಳ ಬಳಕೆಯನ್ನೂ ಹೆಸರಿಸಿತು. 1976ರಲ್ಲಿ ಅದನ್ನು ಬಿಗಿಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಕರೆದರು. ಲೋಟ ಕಾನೂನಿನ ಪುಸ್ತಕಕ್ಕೆ ಬಂತು. ಸೂರಿನಿಂದ ಇಳಿಯಲು ಮಾತ್ರ ಇನ್ನಷ್ಟು ವರ್ಷ ಹಿಡಿಯಿತು.

ಇದಕ್ಕೆ ಹೋಟೆಲಿನವರದೂ ಒಂದು ಮಾತಿದೆ. "ಇದು ನಮ್ಮ ಕುಟುಂಬ ಬೆವರು ಸುರಿಸಿ ಕಟ್ಟಿದ್ದು. ನಮ್ಮ ಮನೆ ಇದ್ದ ಹಾಗೆ." ಬೆವರಿನ ಮಾತು ನಿಜ. ಘಟ್ಟದ ಕೆಳಗಿನಿಂದ ಮಾಣಿಗಳಾಗಿ ಬಂದು, ರುಬ್ಬಿ, ತೊಳೆದು, ಹೊಗೆ ಕುಡಿದು ಮೇಲೆ ಬಂದವರು ಬಹಳ ಜನ. 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರೂ ಅಡಿಗೆಮನೆಯ ಕೆಲಸದಿಂದಲೇ ಶುರು ಮಾಡಿದವರು. ಕೂಲಿಯವರ ಮಕ್ಕಳಾದ ನಾವು ಆ ದುಡಿಮೆಯನ್ನು ಹೀಗಳೆಯಲಾರೆವು. ಆದರೆ ಅವರು ಪಾತ್ರೆ ತೊಳೆಯುತ್ತ ಮಾಲೀಕರಾದರು. ನಮ್ಮವರಿಗೆ ಆ ಪಾತ್ರೆ ಮುಟ್ಟುವ ಕೆಲಸವೂ ಸಿಗಲಿಲ್ಲ. ಬಡತನ ಇಬ್ಬರಿಗೂ ಇತ್ತು, ಏಣಿ ಒಬ್ಬರಿಗೇ ಇತ್ತು.

ಇನ್ನು "ನಮ್ಮ ಮನೆ" ಎಂಬ ಮಾತು. ಇದನ್ನು ನಮ್ಮ ದೇಶದವರಷ್ಟೇ ಆಡಿದ್ದಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನಲ್ಲಿ ಆಲೀಸ್ ಬಾರ್ಬೆಕ್ಯೂ ಎಂಬ ಹೋಟೆಲಿತ್ತು. ಒಂದೇ ಕುಟುಂಬದ್ದು, ಸುಟ್ಟ ಮಾಂಸಕ್ಕೆ ಹೆಸರಾದದ್ದು. 220 ಜನ ಕೂರುವ ಜಾಗ. 36 ಜನ ಕೆಲಸಗಾರರು, ಅವರಲ್ಲಿ ಮೂರರಲ್ಲಿ ಎರಡು ಪಾಲು ಕರಿಯರು. ಆದರೆ 1927ರಲ್ಲಿ ತೆರೆದಂದಿನಿಂದ ಕರಿಯ ಗಿರಾಕಿಗೆ ಒಳಗೆ ಕೂರಲು ಬಿಟ್ಟಿರಲಿಲ್ಲ. ಕಟ್ಟಿಸಿಕೊಂಡು ಹೋಗಬೇಕು. 1964ರಲ್ಲಿ ಹೊಸ ನಾಗರಿಕ ಹಕ್ಕುಗಳ ಕಾಯ್ದೆ ಬಂದಾಗ ಆ ಕುಟುಂಬ ಕೋರ್ಟಿಗೆ ಹೋಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವರ ವಾದವನ್ನು ತಳ್ಳಿಹಾಕಿತು. ಅದಕ್ಕೆ ಹಿಡಿದ ದಾರಿ ನೋಡಿ: ಆ ಹೋಟೆಲು ವರ್ಷಕ್ಕೆ ಕೊಳ್ಳುವ ಆಹಾರದಲ್ಲಿ ನೂರಕ್ಕೆ 46 ಪಾಲಿನ ಮಾಂಸ ಹೊರರಾಜ್ಯದಿಂದ ಬರುತ್ತದೆ. ಆದ್ದರಿಂದ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವನ್ನು ಆಳುವ ಕಾನೂನು ಅದರ ಬಾಗಿಲಿಗೂ ಬರಬಹುದು.

ಈ ಲೆಕ್ಕವನ್ನು ನಾವು ನಮ್ಮೂರಿಗೂ ಹಾಕಬೇಕು. ಹೋಟೆಲಿನ ಅಕ್ಕಿ ಬೆಳೆದ ಗದ್ದೆಯಲ್ಲಿ ನಾಟಿ ಹಾಕಿದವಳು ಯಾರು? ಉದ್ದು ಬಡಿದವರು ಯಾರು? ಒಲೆಯ ಸೌದೆ ಒಡೆದವರು, ಮುಂದಿನ ಬೀದಿ ಗುಡಿಸಿದವರು, ಹಿಂದಿನ ಚರಂಡಿ ಎತ್ತಿದವರು ಯಾರು? ನಮ್ಮ ಬೆವರು ಬಾಗಿಲು ದಾಟಿ ಅಡಿಗೆಮನೆಯವರೆಗೂ ಹೋಯಿತು. ನಾವು ಮಾತ್ರ ಹೋಗಲಿಲ್ಲ. ಹಾಗಿರುವಾಗ ಅದು ಬರೀ "ನಿಮ್ಮ ಮನೆ" ಹೇಗಾದೀತು?

ಈಗ ನಮ್ಮ ಗೆಳೆಯರಲ್ಲೇ ಎರಡು ಮಾತಿದೆ. ಒಬ್ಬರು ಅಂತಾರೆ: ಅಂಥ ಜಾಗದ ನೀರೂ ಬೇಡ. ಇನ್ನೊಬ್ಬರು ಅಂತಾರೆ: ಹಳೇದೆಲ್ಲ ಕೆದಕಬೇಡ್ರೋ, ಈಗ ಕಾಸು ಕೊಟ್ಟರೆ ಯಾರಾದರೂ ಕೂರಬಹುದು, ದೋಸೆಗೆ ಜಾತಿ ಇಲ್ಲ. ಮೊದಲನೆಯವರ ಸಿಟ್ಟು ನಮ್ಮದೇ. ಆದರೆ ಬೀದಿಯಲ್ಲಿ ನಿಂತ ತಾತ ಕೇಳಿದ್ದು ಒಳಗಿನ ಬೆಂಚನ್ನು. ಅದು ಸಿಕ್ಕ ಮೇಲೆ ಎದ್ದು ಬರುವುದು ಅವನಿಗೆ ನ್ಯಾಯವಾಗದು. ಎರಡನೆಯವರದು ಅರ್ಧ ಸತ್ಯ. ಕಾಸು ಬಾಗಿಲು ತೆಗೆದದ್ದು ಹೌದು. ಆದರೆ ನಮ್ಮ ಅಕ್ಕನೊಬ್ಬಳು ಅದೇ ಬೀದಿಯಲ್ಲಿ ಇಡ್ಲಿ ಅಂಗಡಿ ಇಡಲಿ. ಅವಳ ಕೇರಿ ಯಾವುದೆಂದು ಗೊತ್ತಾದ ಮೇಲೂ ಗಿರಾಕಿ ಬಂದರೆ ಆಗ ದೋಸೆಗೆ ಜಾತಿ ಇಲ್ಲ ಅನ್ನೋಣ. ಕೊಳ್ಳುವ ಕೈಯ ಮೈಲಿಗೆಯನ್ನು ದುಡ್ಡು ತೊಳೆಯಿತು. ಬೇಯಿಸುವ ಕೈಯ ಮೈಲಿಗೆ ಇನ್ನೂ ಹಾಗೇ ಇದೆ.

ಶಾಲೆಯ ಬಿಸಿಯೂಟ ಇದಕ್ಕೆ ಸಾಕ್ಷಿ. ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಹೇಳಿತು. ಅಡಿಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು 2004ರ ಏಪ್ರಿಲಿನಲ್ಲಿ ಹೇಳಬೇಕಾಯಿತು. ಆಮೇಲೂ ದಲಿತ ಹೆಣ್ಣುಮಗಳು ಬೇಯಿಸಿದಳೆಂದು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸಿದ ಊರುಗಳಿವೆ. ಹಳ್ಳಿಯ ಮೇಷ್ಟ್ರುಗಳಿಗೆ ಇದನ್ನು ನಾವು ಹೇಳಬೇಕಾಗಿಲ್ಲ. ಅಲ್ಲಿ ಡಬ್ಬಿ ಬಿಚ್ಚುವ ಮಗುವೇ ನಾಳೆ ಹಳೆ ಹೋಟೆಲಿನ ರುಚಿಯನ್ನು ಹೊಗಳುವ ಊರಿನ ಗಣ್ಯನಾಗುತ್ತಾನೆ.

ಆದ್ದರಿಂದ ನಾವು ಆ ದೋಸೆಯನ್ನು ಬಿಡುವುದಿಲ್ಲ. ಕಾಸು ಕೊಟ್ಟು, ನಡುಮಧ್ಯದ ಮೇಜಿಗೆ ಕೂತು, ರುಚಿ ಸವಿದೇ ತಿನ್ನುತ್ತೇವೆ. ಆದರೆ ಪ್ರೀತಿಯೆಂದರೆ ಕಣ್ಣು ಮುಚ್ಚುವುದಲ್ಲ. ಹೋಟೆಲಿನ ಎಪ್ಪತ್ತು ವರ್ಷದ ಸಮಾರಂಭದಲ್ಲಿ ಮೈಕು ಹಿಡಿದವರು ಅಜ್ಜನ ಒಲೆಯ ಜೊತೆಗೆ ಸೂರಿನ ಚಿಪ್ಪಿನ ಮಾತನ್ನೂ ಆಡಲಿ. ಅಡಿಗೆಮನೆಯಲ್ಲಿ ನಮ್ಮ ಕೇರಿಯ ಹುಡುಗ ಹಿಟ್ಟು ರುಬ್ಬಲಿ, ಕಾವಲಿಯ ಮುಂದೆ ನಿಲ್ಲಲಿ. ಮತ್ತೆ, ನಮ್ಮ ಅಕ್ಕ ಇಡ್ಲಿ ಅಂಗಡಿ ಇಟ್ಟ ದಿನ ಸಮಾನತೆಯ ಭಾಷಣ ಮಾಡುವವರೆಲ್ಲ ಒಂದೊಂದು ಪ್ಲೇಟು ತಿಂದು ಬರಲಿ. ಇಷ್ಟಾಗುವವರೆಗೆ ಊರು ಹೊಗಳುವ ಆ ರುಚಿಯಲ್ಲಿ ಒಂದು ಉಪ್ಪು ಕಡಿಮೆಯೇ. ಆ ಉಪ್ಪು ನಮ್ಮ ಹಟ್ಟಿಯಲ್ಲಿದೆ.