ಹಿಟ್ಟಿನ ಕೋಳಿಯೂ ಪ್ಲಾಸ್ಟಿಕ್ ವಿಮಾನವೂ

ನರಗುಂದದ ಶ್ರಾವಕರ ಮನೆಯೊಂದರಲ್ಲಿ ಬಾಲಕನು ಲಿಬರೇಟರ್ ಎಂಬ ಯುದ್ಧಕಾಲದ ಬಾಂಬರ್ ವಿಮಾನದ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸುತ್ತಿದ್ದಾನೆ. ಮೂಲದ 48ನೆಯ ಒಂದಂಶವಾದರೂ ರೆಕ್ಕೆಯ ಹರವು ಸುಮಾರು 70 ಸೆಂಟಿಮೀಟರ್. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯು ಸ್ವಾತಂತ್ರ್ಯಾನಂತರ ಇಂತಹ ವಿಮಾನಗಳನ್ನೇ ದುರಸ್ತಿಗೊಳಿಸಿ ವಾಯುಪಡೆಗೆ ಒಪ್ಪಿಸಿತ್ತು. ಅಜ್ಜಿಗೆ ಶಂಕೆ: ಇದು ಅನರ್ಥದಂಡವಲ್ಲವೇ?

ಪ್ಲಾಸ್ಟಿಕ್ಕಿನಿಂದ ಯಾವ ಜೀವಕ್ಕೂ ಘಾತವಿಲ್ಲವೆಂದರೆ ಸಾಲದು. ಜನ್ನನ 1209ರ ಕಾವ್ಯದಲ್ಲಿ ಯಶೋಧರನು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು; ಸಂಕಲ್ಪಹಿಂಸೆಯಾದುದರಿಂದ ಭವಭವಗಳಲ್ಲಿ ತೊಳಲಿದನು. ಆದರೆ ಕೋಳಿಯ ರೂಪವನ್ನು ಮಾಡಿದುದು ಬೇರೆ, ಅದನ್ನು ಕಡಿದುದು ಬೇರೆ. ಅಂಟು ಒಣಗುವವರೆಗೆ ತುಣುಕನ್ನು ಹಿಡಿದು ಕುಳಿತ ಬಾಲಕನಲ್ಲಿ ಇರುವುದು ಏಕಾಗ್ರತೆ. ಅದೇ ವಿಮಾನವನ್ನೆತ್ತಿ, ಕೆಳಗಣ ಊರು ಸುಟ್ಟಿತೆಂದು ಹಿಗ್ಗಿದರೆ ಅದು ಅಪಧ್ಯಾನ. ಅಜ್ಜಿಯು ಮಾದರಿಯನ್ನು ಕಸಿಯಬೇಕಿಲ್ಲ. ಬಾಂಬುಗಳನ್ನು ಅಂಟಿಸುವ ದಿನ ಬಳಿಯಲ್ಲಿ ಕುಳಿತು, ಅವು ಯಾರ ಮೇಲೆ ಬಿದ್ದುವೆಂದು ಕೇಳಲಿ.